ಬರಿಗಾಲಿನ ಆಟಗಾರ ಅಹಮದ್ ಖಾನ್

ಬೆಂಗಳೂರು ನಗರಕ್ಕೆ ಒಂದು ಕಾಲದಲ್ಲಿ ಎರಡು ಮುಖಗಳಿದ್ದವು. ಕೋಟೆ, ಪೇಟೆ, ದೇವಾಲಯಗಳು ಮತ್ತು ನೇಕಾರರ ಕೇರಿಗಳಿಂದ ಕೂಡಿದ ಹಳೆಯ ಊರು ಪಶ್ಚಿಮಕ್ಕಿತ್ತು. ಹಲಸೂರು ಕೆರೆಯ ಸುತ್ತಣ ಬಯಲಿನಲ್ಲಿ 1809ರಿಂದ ಬೆಳೆಯತೊಡಗಿದ ದಂಡು ಪ್ರದೇಶವು ಪೂರ್ವಕ್ಕಿತ್ತು. ಮೈಸೂರು ಸಂಸ್ಥಾನದ ನಡುವೆಯೇ ಇದ್ದರೂ ಈ ದಂಡು ಮಹಾರಾಜರ ಆಡಳಿತಕ್ಕೆ ಒಳಪಟ್ಟಿರಲಿಲ್ಲ. ಬ್ರಿಟಿಷ್ ರೆಸಿಡೆಂಟನ ಕೈಕೆಳಗಿದ್ದ ಅದು 1947ರಲ್ಲಿ ಮಾತ್ರ ಸಂಸ್ಥಾನಕ್ಕೆ ಮರಳಿ ಸೇರಿತು. ಸೈನ್ಯವನ್ನು ಹಿಂಬಾಲಿಸಿ ಬಂದ ದರ್ಜಿಗಳು, ಅಡುಗೆಯವರು, ಕುದುರೆ ಲಾಯದ ಆಳುಗಳು, ಚರ್ಮದ ಕೆಲಸಗಾರರು, ಸಣ್ಣಪುಟ್ಟ ವರ್ತಕರು ಇಲ್ಲಿಯೇ ನೆಲೆ ನಿಂತರು. ತಮಿಳು, ಉರ್ದು, ಕನ್ನಡ, ತೆಲುಗು, ಇಂಗ್ಲಿಷ್ ಭಾಷೆಗಳು ಒಂದೇ ಬೀದಿಯಲ್ಲಿ ಕೇಳಿಬರುತ್ತಿದ್ದವು. 1898ರಲ್ಲಿ ಪ್ಲೇಗು ಮಾರಿ ಊರನ್ನು ಕಾಡಿದ ಮೇಲೆ, ಇಕ್ಕಟ್ಟಾದ ಕೇರಿಗಳ ಜನರಿಗಾಗಿ ಹೊಸ ಬಡಾವಣೆಗಳು ಹುಟ್ಟಿಕೊಂಡವು. ರೆಸಿಡೆಂಟ್ ಫ್ರೇಸರನ ಹೆಸರನ್ನು ಹೊತ್ತ ಬಡಾವಣೆ ಅವುಗಳಲ್ಲೊಂದು. ಅದನ್ನೇ ಮುಂದೆ ಪುಲಿಕೇಶಿನಗರವೆಂದು ಕರೆಯಲಾಯಿತು.

ದಂಡಿನ ಜನರಿಗೆ ಇಂಗ್ಲಿಷ್ ಸಿಪಾಯಿಗಳಿಂದ ದೊರೆತ ಬಳುವಳಿಗಳಲ್ಲಿ ಕಾಲ್ಚೆಂಡಿನ ಆಟವೂ ಒಂದು. ಕವಾಯತು ಮುಗಿದ ಸಂಜೆಯ ಹೊತ್ತಿನಲ್ಲಿ ಸಿಪಾಯಿಗಳು ಬಯಲಿಗಿಳಿದು ಆಡುತ್ತಿದ್ದರು. ಬಯಲಿನ ಅಂಚಿನಲ್ಲಿ ನಿಂತ ಕೇರಿಯ ಹುಡುಗರು ಕಣ್ಣರಳಿಸಿ ನೋಡುತ್ತಿದ್ದರು. ಈ ಆಟಕ್ಕೆ ಬೇಕಾದುದು ಒಂದು ಚೆಂಡು ಮತ್ತು ಒಂದಿಷ್ಟು ನೆಲ. ಕ್ರಿಕೆಟ್ಟಿನಂತೆ ದಾಂಡು, ಪ್ಯಾಡು, ಬಿಳಿಯ ಉಡುಪುಗಳ ಖರ್ಚು ಇದಕ್ಕಿಲ್ಲ. ಆದುದರಿಂದಲೇ ಬಡವರ ಮಕ್ಕಳು ಇದನ್ನು ಬಲುಬೇಗ ತಮ್ಮದಾಗಿ ಮಾಡಿಕೊಂಡರು. ಹಲಸೂರು, ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರ, ಫ್ರೇಸರ್ ಟೌನ್ ಮೊದಲಾದ ಕಡೆಗಳಲ್ಲಿ ಚಿಕ್ಕ ದೊಡ್ಡ ತಂಡಗಳು ತಲೆಯೆತ್ತಿದವು. ಪೇಟೆಯ ಬೆಂಗಳೂರು ಕ್ರಿಕೆಟ್ಟಿನ ಕಡೆಗೆ ವಾಲಿದಾಗಲೂ ದಂಡಿನ ಬೆಂಗಳೂರು ಕಾಲ್ಚೆಂಡನ್ನು ಬಿಡಲಿಲ್ಲ.

ಈ ನೆಲದಲ್ಲಿ ಬೆಳೆದು ಎರಡು ಒಲಿಂಪಿಕ್ ಕ್ರೀಡೆಗಳಲ್ಲಿ ಭಾರತದ ಪರವಾಗಿ ಆಡಿದ ಮಹಾನ್ ಆಟಗಾರರು ಅಹಮದ್ ಖಾನ್. ಅವರು 1926ರ ಡಿಸೆಂಬರ್ 24ರಂದು ಬೆಂಗಳೂರಿನಲ್ಲಿ ಜನಿಸಿದರು. ಅವರ ಮನೆತನವೇ ಕಾಲ್ಚೆಂಡಿನ ಮನೆತನ. ತಂದೆಯವರು ಆಟಗಾರರಾಗಿದ್ದರು, ಸೋದರರೂ ಅದೇ ದಾರಿಯನ್ನು ಹಿಡಿದರು. ಬೇರೆ ಮಕ್ಕಳಿಗೆ ಬಿಡುವಿನ ವೇಳೆಯ ವಿನೋದವಾಗಿದ್ದ ಆಟವು ಈ ಮನೆಯ ಮಕ್ಕಳಿಗೆ ಹಿರಿಯರ ಕಣ್ಣೆದುರಿನಲ್ಲಿ ಕಲಿಯಬೇಕಾದ ವಿದ್ಯೆಯಾಗಿತ್ತು.

ಆ ದಿನಗಳಲ್ಲಿ ನಮ್ಮ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡುತ್ತಿದ್ದರು. ಇದನ್ನು ಕೇವಲ ಬಡತನದ ಗುರುತೆಂದು ತಿಳಿಯುವುದು ಸರಿಯಲ್ಲ. ಬೂಟುಗಳಿಗೆ ಹಣ ಬೇಕಾಗುತ್ತಿತ್ತೆಂಬುದು ನಿಜ. ಆದರೆ ಅಂದಿನ ಬೂಟುಗಳು ದಪ್ಪ ಚರ್ಮದವು; ಕಣಕಾಲನ್ನು ಮುಚ್ಚುವಷ್ಟು ಎತ್ತರದವು; ತೂಕದವು. ಬಾಲ್ಯದಿಂದ ಬರಿಗಾಲಿನಲ್ಲಿ ಓಡಾಡಿದ ಹುಡುಗನಿಗೆ ಅವನ್ನು ತೊಟ್ಟೊಡನೆ ಚೆಂಡಿನ ಸ್ಪರ್ಶವೇ ಕಳೆದುಹೋದಂತಾಗುತ್ತಿತ್ತು. ಬರಿಗಾಲಿನ ಆಟಗಾರನು ಹೆಬ್ಬೆರಳಿನ ತುದಿಯಿಂದ ಚೆಂಡನ್ನು ತನ್ನತ್ತ ಎಳೆದುಕೊಳ್ಳಬಲ್ಲನು. ಅಂಗಾಲಿನಿಂದ ಅದನ್ನು ಮೆಲ್ಲಗೆ ಒತ್ತಿ ನಿಲ್ಲಿಸಬಲ್ಲನು. ಬೆರಳುಗಳ ಬುಡದಿಂದ ಅದಕ್ಕೆ ಬೇಕಾದ ತಿರುವನ್ನು ಕೊಡಬಲ್ಲನು. ಗಟ್ಟಿಯಾದ ಒಣ ನೆಲದ ಮೇಲೆ ಅವನ ಕಾಲುಗಳು ಕೈಗಳಷ್ಟೇ ಚತುರವಾಗುತ್ತವೆ. ಕಲ್ಕತ್ತೆಯ ಮೋಹನ್ ಬಾಗಾನ್ ತಂಡವು 1911ರಲ್ಲಿ ಬೂಟು ತೊಟ್ಟ ಬ್ರಿಟಿಷ್ ರೆಜಿಮೆಂಟನ್ನು ಸೋಲಿಸಿ ಐ.ಎಫ್.ಎ. ಶೀಲ್ಡನ್ನು ಗೆದ್ದಾಗ ಅದರ ಆಟಗಾರರಲ್ಲಿ ಬಹುತೇಕ ಎಲ್ಲರೂ ಬರಿಗಾಲಿನವರೇ ಆಗಿದ್ದರು. ಆ ಗೆಲುವಿನ ಬಳಿಕ ಬರಿಗಾಲಿನ ಆಟಕ್ಕೆ ದೇಶಾಭಿಮಾನದ ಮೆರುಗೂ ಬಂದಿತ್ತು.

ಆದರೆ ಬರಿಗಾಲಿಗೆ ಶತ್ರುಗಳೂ ಉಂಟು. ಮಳೆಯಾದರೆ ಅದು ಕೆಸರಿನಲ್ಲಿ ಜಾರುತ್ತದೆ. ಎದುರಾಳಿಯ ಬೂಟಿನ ಅಡಿಯ ಮೊಳೆಗಟ್ಟುಗಳು ತಗುಲಿದರೆ ಗಾಯವಾಗುತ್ತದೆ. ಅಂದಿನ ಚೆಂಡು ಚರ್ಮದ ಪಟ್ಟಿಗಳನ್ನು ಹೊಲಿದು ಮಾಡಿದುದು. ಒಳಗೆ ಗಾಳಿಯ ಚೀಲ. ಮೇಲೆ ಬಾಯಿ ಬಿಗಿಯುವ ದಾರ. ಒದ್ದೆಯಾದಾಗ ಅದು ನೀರು ಕುಡಿದು ಕಲ್ಲಿನಂತೆ ಭಾರವಾಗುತ್ತಿತ್ತು. ಅಂಥ ಚೆಂಡನ್ನು ದೂರದಿಂದ ಬಲವಾಗಿ ಒದೆಯುವುದು ಬರಿಗಾಲಿಗೆ ಸುಲಭದ ಮಾತಲ್ಲ. ಅಹಮದ್ ಖಾನರ ಜೀವನದ ಏಳುಬೀಳುಗಳನ್ನು ಅರಿಯಬೇಕಾದರೆ ಬರಿಗಾಲಿನ ಈ ಗುಣದೋಷಗಳೆರಡನ್ನೂ ನೆನಪಿನಲ್ಲಿಟ್ಟುಕೊಳ್ಳಬೇಕು.

ಬಾಲಕ ಅಹಮದನಿಗೆ ಹತ್ತು ವರ್ಷ ತುಂಬಿದ್ದ ಕಾಲದಲ್ಲಿ ದಂಡಿನ ಜನರೆಲ್ಲರೂ ಹಿಗ್ಗುವಂಥ ಘಟನೆಯೊಂದು ನಡೆಯಿತು. ಮುಂಬಯಿಯಲ್ಲಿ ರೋವರ್ಸ್ ಕಪ್ ಎಂಬ ಪ್ರಸಿದ್ಧ ಪಂದ್ಯಾವಳಿಯು 1891ರಿಂದ ನಡೆಯುತ್ತಿತ್ತು. ವರ್ಷ ವರ್ಷವೂ ಬ್ರಿಟಿಷ್ ಸೇನಾ ತಂಡಗಳೇ ಅದನ್ನು ಹೊತ್ತೊಯ್ಯುತ್ತಿದ್ದವು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಆ ಕಪ್ಪನ್ನು ಗೆದ್ದು, ಅದನ್ನು ಗೆದ್ದ ಮೊದಲ ಭಾರತೀಯ ತಂಡವೆಂಬ ಕೀರ್ತಿಯನ್ನು ಗಳಿಸಿತು. ಮರುವರ್ಷವೂ ಕಪ್ಪು ಬೆಂಗಳೂರಿಗೇ ಬಂದಿತು. ಸಿಪಾಯಿಗಳಿಂದ ಕಲಿತ ಆಟದಲ್ಲಿ ಸಿಪಾಯಿಗಳನ್ನೇ ಮೀರಿಸಬಹುದೆಂಬ ನಂಬಿಕೆ ದಂಡಿನ ಕೇರಿಗಳಲ್ಲಿ ಬೇರೂರಿದುದು ಆಗಲೇ. ಅಹಮದರು ಮೊದಲು ಬೆಂಗಳೂರು ಕ್ರೆಸೆಂಟ್ ತಂಡದಲ್ಲಿ ಆಡಿ, ಬಳಿಕ ಈ ಬೆಂಗಳೂರು ಮುಸ್ಲಿಮ್ಸ್ ತಂಡವನ್ನು ಸೇರಿದರು.

ಅಂದಿನ ಕಾಲ್ಚೆಂಡಿನಲ್ಲಿ ಮುಂಪಂಕ್ತಿಯಲ್ಲಿ ಐವರು ಆಡುತ್ತಿದ್ದರು. ಎರಡು ಅಂಚುಗಳಲ್ಲಿ ಇಬ್ಬರು, ನಟ್ಟನಡುವೆ ಒಬ್ಬರು, ಇವರ ನಡುವಣ ಎಡೆಗಳಲ್ಲಿ ಇನ್ನಿಬ್ಬರು. ಅಹಮದ್ ಖಾನರ ಸ್ಥಾನ ಇನ್‌ಸೈಡ್ ಲೆಫ್ಟ್, ಎಂದರೆ ನಡುವಿನ ಆಟಗಾರನಿಗೂ ಎಡ ಅಂಚಿನ ಆಟಗಾರನಿಗೂ ಮಧ್ಯದ ಎಡೆ. ಈ ಸ್ಥಾನದವನ ಕೆಲಸ ಗೋಲು ಹೊಡೆಯುವುದಷ್ಟೇ ಅಲ್ಲ. ಹಿಂದಿನಿಂದ ಬಂದ ಚೆಂಡನ್ನು ಹಿಡಿದು, ಎದುರಾಳಿಗಳನ್ನು ತನ್ನತ್ತ ಸೆಳೆದು, ಅವರು ಮುತ್ತಿಕೊಳ್ಳುವಷ್ಟರಲ್ಲಿ ತೆರವಾದ ಜಾಗಕ್ಕೆ ಚೆಂಡನ್ನು ದಾಟಿಸುವುದು ಅವನ ಮುಖ್ಯ ಹೊಣೆ. ದೇಹಬಲಕ್ಕಿಂತ ಸಮಯಪ್ರಜ್ಞೆ ಇಲ್ಲಿ ಮುಖ್ಯ. ಅಹಮದ್ ಖಾನರು ಚೆಂಡನ್ನು ಕಾಲಿನಿಂದ ಕಾಲಿಗೆ ಬದಲಿಸುತ್ತ, ದೇಹವನ್ನು ಒಂದು ಕಡೆಗೆ ಬಾಗಿಸಿ ಇನ್ನೊಂದು ಕಡೆಗೆ ನುಸುಳುವ ರೀತಿಯಿಂದ ಹೆಸರಾದರು. ಚೆಂಡು ಅವರ ಪಾದಕ್ಕೆ ಅಂಟಿಕೊಂಡಂತೆ ಕಾಣುತ್ತಿತ್ತೆಂದು ನೋಡಿದವರು ಹೇಳುತ್ತಿದ್ದರು.

1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾಯಿತು. ಮರುವರ್ಷವೇ ಲಂಡನ್ನಿನಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದವು. ಸ್ವತಂತ್ರ ಭಾರತದ ಕಾಲ್ಚೆಂಡಿನ ತಂಡವು ಅಲ್ಲಿಗೆ ಹೊರಟಿತು. ನಾಗಾ ಬೆಟ್ಟಗಳ ನಾಡಿನಿಂದ ಬಂದ ವೈದ್ಯಕೀಯ ವಿದ್ಯಾರ್ಥಿ ತಾಲಿಮೆರೆನ್ ಆವೋ ಅದರ ನಾಯಕ. ಬಂಗಾಳದ ಶೈಲೇನ್ ಮನ್ನಾ ರಕ್ಷಣೆಯ ಆಧಾರಸ್ತಂಭ. ಅಹಮದ್ ಖಾನ್, ಸಾರಂಗಪಾಣಿ ರಾಮನ್, ಧನರಾಜ್, ವಜ್ರವೇಲು, ಗೋಲು ಕಾಯುವ ವರದರಾಜ್ ಇವರೆಲ್ಲರೂ ಮೈಸೂರು ಸೀಮೆಯ ಕಡೆಯಿಂದ ಆಯ್ಕೆಯಾಗಿ ಹೋದವರು. ಚಿಕ್ಕದೊಂದು ಸಂಸ್ಥಾನದಿಂದ ಇಷ್ಟು ಮಂದಿ ಹೋದುದು ಬೆಂಗಳೂರಿನ ಬಯಲುಗಳಿಗೆ ಸಂದ ಗೌರವವೇ ಸರಿ.

1948ರ ಜುಲೈ 31ರಂದು ಲಂಡನ್ನಿನ ಹೊರವಲಯದ ಇಲ್‌ಫರ್ಡಿನಲ್ಲಿ ಭಾರತವು ಫ್ರಾನ್ಸನ್ನು ಎದುರಿಸಿತು. ಭಾರತದ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ, ಪಾದಗಳಿಗೆ ಬಟ್ಟೆಯ ಪಟ್ಟಿ ಸುತ್ತಿಕೊಂಡು ಬಯಲಿಗಿಳಿದುದನ್ನು ಕಂಡು ಪ್ರೇಕ್ಷಕರು ಬೆರಗಾದರು. ಆಟ ಮೊದಲಾದ ಮೇಲೆ ಆ ಬೆರಗು ಮೆಚ್ಚುಗೆಯಾಗಿ ಮಾರ್ಪಟ್ಟಿತು. ಫ್ರಾನ್ಸಿನವರು ಮೊದಲ ಗೋಲನ್ನು ಹೊಡೆದರು. ಭಾರತಕ್ಕೆ ಎರಡು ಪೆನಾಲ್ಟಿ ಒದೆತಗಳು ದೊರೆತವು, ಎರಡೂ ವ್ಯರ್ಥವಾದವು. ಎಪ್ಪತ್ತನೆಯ ನಿಮಿಷದಲ್ಲಿ ಬೆಂಗಳೂರಿನ ರಾಮನ್ ಗೋಲು ಹೊಡೆದು ಆಟವನ್ನು ಸಮಗೊಳಿಸಿದರು. ಒಲಿಂಪಿಕ್ ಕ್ರೀಡೆಗಳಲ್ಲಿ ಭಾರತದ ಮೊತ್ತಮೊದಲ ಕಾಲ್ಚೆಂಡಿನ ಗೋಲು ಅದು. ಆಟ ಮುಗಿಯಲು ಇನ್ನೇನು ಒಂದೆರಡು ನಿಮಿಷಗಳಿವೆಯೆನ್ನುವಾಗ ಫ್ರಾನ್ಸಿನವರು ಮತ್ತೊಂದು ಗೋಲನ್ನು ಹೊಡೆದರು. ಭಾರತ 1-2ರಿಂದ ಸೋತಿತು. ಆ ಎರಡು ಪೆನಾಲ್ಟಿಗಳಲ್ಲಿ ಒಂದಾದರೂ ಕೈಗೂಡಿದ್ದರೆ ಎಂದು ಆಮೇಲೆ ಎಷ್ಟೋ ವರ್ಷ ಜನ ಮರುಗಿದರು.

ಸೋತರೂ ಈ ತಂಡ ಇಂಗ್ಲೆಂಡಿನ ಜನರ ಮನಸ್ಸನ್ನು ಗೆದ್ದಿತು. ಅಹಮದ್ ಖಾನರ ಕಾಲ್ಚಳಕವಂತೂ ವಿಶೇಷ ಗಮನವನ್ನು ಸೆಳೆಯಿತು. ಎದುರಾಳಿಗಳನ್ನು ಮಂತ್ರಮುಗ್ಧರನ್ನಾಗಿಸಿ ಹಾವಿನಂತೆ ಆಡಿಸುತ್ತಾರೆಂಬ ಅರ್ಥದಲ್ಲಿ ಬರಿಗಾಲಿನ ಹಾವಾಡಿಗನೆಂಬ ಬಿರುದು ಅವರಿಗೆ ಅಂಟಿಕೊಂಡಿತು. ಭಾರತವೆಂದೊಡನೆ ಹಾವಾಡಿಗರನ್ನೇ ನೆನೆಯುವುದು ಅಂದಿನ ಪಾಶ್ಚಾತ್ಯರ ರೂಢಿ. ಆ ಬಿರುದಿನಲ್ಲಿ ಮೆಚ್ಚುಗೆಯೊಡನೆ ಸ್ವಲ್ಪ ತಾತ್ಸಾರವೂ ಬೆರೆತಿರಲಿಲ್ಲವೆಂದು ಹೇಳಲಾಗದು. ಆದರೆ ಬಿರುದು ಉಳಿಯಿತು. ಒಲಿಂಪಿಕ್ಸ್ ಮುಗಿದ ಬಳಿಕ ಭಾರತದ ತಂಡವು ಹಾಲೆಂಡಿಗೆ ಹೋಗಿ ಆಂಸ್ಟರ್‌ಡಾಮಿನ ಹೆಸರಾಂತ ಅಯಾಕ್ಸ್ ತಂಡವನ್ನು 5-1ರಿಂದ ಸೋಲಿಸಿತು. ಅದೇ ವರ್ಷ ಬೆಂಗಳೂರು ಮುಸ್ಲಿಮ್ಸ್ ತಂಡವು ಮೋಹನ್ ಬಾಗಾನನ್ನು ಮಣಿಸಿ ಮೂರನೆಯ ಬಾರಿಗೆ ರೋವರ್ಸ್ ಕಪ್ಪನ್ನು ಗೆದ್ದುಕೊಂಡಿತು.

ಆ ಕಾಲಕ್ಕೆ ಭಾರತದ ಕಾಲ್ಚೆಂಡಿನ ರಾಜಧಾನಿಯೆಂದರೆ ಕಲ್ಕತ್ತ. ಪ್ರತಿಭಾವಂತ ಆಟಗಾರರನ್ನು ದೇಶದ ಮೂಲೆ ಮೂಲೆಗಳಿಂದ ಅಲ್ಲಿಯ ಕ್ಲಬ್ಬುಗಳು ಕರೆಸಿಕೊಳ್ಳುತ್ತಿದ್ದವು. 1949ರಲ್ಲಿ ಅಹಮದ್ ಖಾನರು ಈಸ್ಟ್ ಬೆಂಗಾಲ್ ಕ್ಲಬ್ಬನ್ನು ಸೇರಿದರು. 1920ರಲ್ಲಿ ಸ್ಥಾಪನೆಯಾದ ಈ ಕ್ಲಬ್ಬಿನ ಅಭಿಮಾನಿಗಳು ಹೆಚ್ಚಾಗಿ ಪೂರ್ವ ಬಂಗಾಳದ ಮೂಲದವರು. ದೇಶ ವಿಭಜನೆಯಾದಾಗ ಆ ಸೀಮೆ ಪಾಕಿಸ್ತಾನಕ್ಕೆ ಸೇರಿತು. ಮನೆ, ಹೊಲ, ನದೀತೀರದ ಊರುಗಳನ್ನು ತೊರೆದು ಲಕ್ಷಾಂತರ ಜನರು ನಿರಾಶ್ರಿತರಾಗಿ ಕಲ್ಕತ್ತೆಗೆ ಬಂದರು. ಕಳೆದುಕೊಂಡ ಊರಿನ ಹೆಸರನ್ನು ಹೊತ್ತು ಬಯಲಿಗಿಳಿಯುತ್ತಿದ್ದ ಕೆಂಪು ಹಳದಿ ಅಂಗಿಯ ಆ ತಂಡವೇ ಅವರಲ್ಲಿ ಅನೇಕರಿಗೆ ಉಳಿದಿದ್ದ ಆಸ್ತಿ. ತಂಡ ಗೆದ್ದ ಸಂಜೆ ನಿರಾಶ್ರಿತರ ಗುಡಿಸಲುಗಳಲ್ಲಿ ಹಬ್ಬ, ಸೋತರೆ ಮೌನ. ಎಲ್ಲಿಯ ಪೂರ್ವ ಬಂಗಾಳ, ಎಲ್ಲಿಯ ಬೆಂಗಳೂರಿನ ದಂಡು! ಬಂಗಾಳಿಯು ಮಾತೃಭಾಷೆಯಲ್ಲದ, ಮತಕಲಹದ ಗಾಯ ಇನ್ನೂ ಹಸಿಯಾಗಿದ್ದ ಕಾಲದಲ್ಲಿ ಬಂದ ಈ ಮುಸಲ್ಮಾನ ತರುಣನನ್ನು ಅವರು ತಮ್ಮ ಮನೆಯ ಮಗನಂತೆ ಸ್ವೀಕರಿಸಿದರು. ಇತಿಹಾಸದ ಪುಸ್ತಕಗಳಲ್ಲಿ ಇಂಥ ಸಂಗತಿಗಳಿಗೆ ಎಡೆ ದೊರೆಯುವುದು ವಿರಳ.

ಈಸ್ಟ್ ಬೆಂಗಾಲಿನ ಮುಂಪಂಕ್ತಿಯಲ್ಲಿ ಆಗ ಕೂಡಿದ ಐವರು ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್ ಮತ್ತು ಸಾಲೇಹ್. ಈ ಐವರಲ್ಲಿ ಬಂಗಾಳದಲ್ಲಿ ಹುಟ್ಟಿದವರು ಒಬ್ಬರೂ ಇರಲಿಲ್ಲ; ಎಲ್ಲರೂ ದಕ್ಷಿಣದವರು. ಅಪ್ಪಾರಾವ್ ಆಂಧ್ರದವರು, ಸಾಲೇಹ್ ಕೇರಳದವರು, ಧನರಾಜ್ ಅಹಮದರಂತೆಯೇ ಬೆಂಗಳೂರಿನವರು. ಕಲ್ಕತ್ತೆಯ ಜನರು ಅವರನ್ನು ಪಂಚಪಾಂಡವರೆಂದು ಪ್ರೀತಿಯಿಂದ ಕರೆದರು. ಐವರ ಸ್ವಭಾವ, ಸಾಮರ್ಥ್ಯಗಳು ಬೇರೆ ಬೇರೆಯಾಗಿದ್ದರೂ ಬಯಲಿಗಿಳಿದಾಗ ಅವರು ಒಂದೇ ಕೈಯ ಐದು ಬೆರಳುಗಳಂತೆ ಆಡುತ್ತಿದ್ದರು. ಅಹಮದರು ಎದುರಾಳಿಗಳಲ್ಲಿ ಇಬ್ಬರು ಮೂವರನ್ನು ಸೆಳೆದು ಚೆಂಡನ್ನು ಬಿಟ್ಟುಕೊಟ್ಟರೆ ಧನರಾಜರು ಅದನ್ನು ಗೋಲಿಗೆ ಸೇರಿಸುವರು. ದಂಡಿನ ಬಯಲುಗಳಲ್ಲಿ ಬೆಳೆದ ಹೊಂದಾಣಿಕೆ ಹೂಗ್ಲಿಯ ತೀರದಲ್ಲಿ ಫಲ ಕೊಟ್ಟಿತು.

ಆ ವರ್ಷಗಳ ಗೆಲುವುಗಳನ್ನು ಎಣಿಸುವುದೇ ಒಂದು ಕೆಲಸ. 1949ರಲ್ಲಿ ಕಲ್ಕತ್ತ ಲೀಗ್, ಐ.ಎಫ್.ಎ. ಶೀಲ್ಡ್, ರೋವರ್ಸ್ ಕಪ್ ಮೂರೂ ಈಸ್ಟ್ ಬೆಂಗಾಲಿಗೆ ಸಂದವು. ಶೀಲ್ಡು 1950 ಮತ್ತು 1951ರಲ್ಲಿಯೂ ಅವರಲ್ಲೇ ಉಳಿಯಿತು. 1951 ಮತ್ತು 1952ರಲ್ಲಿ ದೆಹಲಿಯ ಡ್ಯುರಾಂಡ್ ಕಪ್ಪನ್ನೂ ತಂಡ ಗೆದ್ದಿತು. ಕಲ್ಕತ್ತ ಲೀಗಿನ ಪಂದ್ಯಗಳು ನಡೆಯುತ್ತಿದ್ದುದು ಮಳೆಗಾಲದಲ್ಲಿ. ಮೈದಾನವೆಲ್ಲ ಕೆಸರು ಗದ್ದೆಯಾಗಿ ಬರಿಗಾಲಿನವರಿಗೆ ಕಾಲೂರುವುದೇ ಕಷ್ಟವಾಗುವ ಹೊತ್ತು. ಅಂಥ ನೆಲದ ಮೇಲೂ ಅಹಮದ್ ಖಾನರು ತಮ್ಮ ಕಲೆಯನ್ನು ಉಳಿಸಿಕೊಂಡರು. ಕಾಲೂರುವ ಮುನ್ನ ಶರೀರದ ತೂಕವನ್ನು ಸರಿಯಾಗಿ ಹಂಚಿಕೊಳ್ಳುವ ಜಾಣ್ಮೆ ಅವರಿಗೆ ಸಿದ್ಧಿಸಿತ್ತು.

ಇದೇ ಕಾಲದಲ್ಲಿ ಅವರ ಕೈತಪ್ಪಿದ ಅವಕಾಶವೊಂದನ್ನು ಇಲ್ಲಿ ಹೇಳಬೇಕು. 1950ರಲ್ಲಿ ಬ್ರೆಜಿಲ್ ದೇಶದಲ್ಲಿ ವಿಶ್ವಕಪ್ ಪಂದ್ಯಾವಳಿ ನಡೆಯಿತು. ಭಾರತದ ಗುಂಪಿನ ಇತರ ಏಷ್ಯಾ ದೇಶಗಳು ಹಿಂದೆ ಸರಿದುದರಿಂದ ಭಾರತಕ್ಕೆ ಒಂದೂ ಅರ್ಹತಾ ಪಂದ್ಯವನ್ನಾಡದೆ ಪ್ರವೇಶ ದೊರೆತಿತ್ತು. ಆದರೂ ತಂಡ ಹೋಗಲಿಲ್ಲ. ಬರಿಗಾಲಿನಲ್ಲಿ ಆಡಲು ಒಪ್ಪಿಗೆ ದೊರೆಯದ ಕಾರಣ ಭಾರತ ಹಿಂಜರಿಯಿತೆಂಬ ಕಥೆ ಇಂದಿಗೂ ಜನರ ಬಾಯಲ್ಲಿದೆ. ಕಥೆ ರಂಜಕವಾಗಿದೆ, ಆದರೆ ಮುಖ್ಯ ಕಾರಣ ಅದಲ್ಲ. ಅಂದಿನ ಆಡಳಿತಗಾರರಿಗೆ ಒಲಿಂಪಿಕ್ಸಿನ ಮುಂದೆ ವಿಶ್ವಕಪ್ಪು ದೊಡ್ಡದೆಂದು ತೋರಲಿಲ್ಲ. ಸಮುದ್ರದ ಮೇಲಿನ ದೀರ್ಘ ಪ್ರಯಾಣ, ಅಭ್ಯಾಸಕ್ಕೆ ಸಾಲದ ಸಮಯ ಮುಂತಾದ ನೆಪಗಳೂ ಸೇರಿಕೊಂಡವು. ಅಹಮದ್ ಖಾನರಿಗೆ ಆಗ ಇಪ್ಪತ್ತಮೂರು ವರ್ಷ. ಆಟಗಾರನೊಬ್ಬನ ಶಕ್ತಿ ಉತ್ತುಂಗದಲ್ಲಿರುವ ವಯಸ್ಸು. ಆ ಬಾಗಿಲು ಭಾರತದ ಪುರುಷರ ತಂಡಕ್ಕೆ ಅಂದಿನಂತೆ ಮತ್ತೆ ತೆರೆದಿಲ್ಲ.

ಮರುವರ್ಷ ದೆಹಲಿಯಲ್ಲಿ ಮೊದಲ ಏಷ್ಯಾ ಕ್ರೀಡೆಗಳು ನಡೆದವು. ಹೈದರಾಬಾದಿನ ಶಾಲಾ ಉಪಾಧ್ಯಾಯರಾಗಿದ್ದ ಸೈಯದ್ ಅಬ್ದುಲ್ ರಹೀಮರು ಭಾರತ ತಂಡದ ತರಬೇತುದಾರರಾಗಿದ್ದರು. ಭಾರತವು ಇಂಡೋನೇಷ್ಯಾ ಮತ್ತು ಅಫ್ಘಾನಿಸ್ತಾನಗಳನ್ನು ಸೋಲಿಸಿ ಅಂತಿಮ ಪಂದ್ಯವನ್ನು ತಲುಪಿತು. ಅಲ್ಲಿ ಇರಾನಿನ ವಿರುದ್ಧ ಮೇವಾಲಾಲರು ಹೊಡೆದ ಒಂದೇ ಗೋಲಿನಿಂದ ಭಾರತಕ್ಕೆ ಚಿನ್ನದ ಪದಕ ದೊರೆಯಿತು. ಆ ಚಿನ್ನದ ತಂಡದಲ್ಲಿ ಅಹಮದ್ ಖಾನರೂ ಇದ್ದರು.

ಈ ಗೆಲುವಿನಿಂದ ಹುಟ್ಟಿದ ಆತ್ಮವಿಶ್ವಾಸವನ್ನು ಹೊತ್ತು 1952ರಲ್ಲಿ ಭಾರತದ ತಂಡವು ಫಿನ್ಲೆಂಡಿನ ಹೆಲ್ಸಿಂಕಿಗೆ ತೆರಳಿತು. ಅದು ಉತ್ತರ ಧ್ರುವದತ್ತ ಚಾಚಿರುವ ದೇಶ. ಬೇಸಿಗೆಯಲ್ಲಿಯೂ ಅಲ್ಲಿಯ ಹವೆ ನಮ್ಮವರಿಗೆ ಚಳಿಯೇ. ಜುಲೈ 15ರಂದು ಭಾರತಕ್ಕೆ ಎದುರಾದುದು ಯುಗೊಸ್ಲಾವಿಯ. ನಾಲ್ಕು ವರ್ಷಗಳ ಹಿಂದೆ ಲಂಡನ್ನಿನಲ್ಲಿ ಬೆಳ್ಳಿಯ ಪದಕವನ್ನು ಗೆದ್ದಿದ್ದ ಬಲಿಷ್ಠ ತಂಡ ಅದು. ತಣ್ಣನೆಯ ನೆಲದ ಮೇಲೆ ಬರಿಗಾಲಿನ ಬೆರಳುಗಳು ಮರಗಟ್ಟಿದವು. ಲಂಡನ್ನಿನಲ್ಲಿ ಬೆರಗು ಹುಟ್ಟಿಸಿದ್ದ ಸ್ಪರ್ಶಸೂಕ್ಷ್ಮತೆ ಇಲ್ಲಿ ಕೈಕೊಟ್ಟಿತು. ನಮ್ಮಲ್ಲಿ ಪಂದ್ಯಗಳು 90 ನಿಮಿಷಗಳಿಗಿಂತ ಕಡಿಮೆ ಅವಧಿಯವಾಗಿದ್ದುದರಿಂದ ಪೂರ್ಣಾವಧಿಯ ಆಟಕ್ಕೆ ಬೇಕಾದ ದಮ್ಮೂ ಸಾಲಲಿಲ್ಲ. ಅರ್ಧ ವೇಳೆಗೇ ಐದು ಗೋಲುಗಳಾಗಿದ್ದವು. ಜೆಬೆಕ್ ಎಂಬ ಒಬ್ಬನೇ ಆಟಗಾರನು ಒಟ್ಟು ನಾಲ್ಕು ಗೋಲುಗಳನ್ನು ಹೊಡೆದನು. ಗೋಲುಗಳ ಸಂಖ್ಯೆ ಹತ್ತಕ್ಕೇರಿತು.

ಹತ್ತು ಗೋಲುಗಳನ್ನು ಬಿಟ್ಟುಕೊಟ್ಟ ತಂಡ ಸಾಮಾನ್ಯವಾಗಿ ಕೊನೆಯ ಸೀಟಿಯನ್ನಷ್ಟೇ ಕಾಯುತ್ತದೆ. ಓಡುವ ಕಾಲುಗಳು ನಡೆಯುತ್ತವೆ. ಕಣ್ಣುಗಳು ಗಡಿಯಾರದ ಕಡೆಗೆ ಹೊರಳುತ್ತವೆ. ಆದರೆ 89ನೆಯ ನಿಮಿಷದಲ್ಲಿ ಅಹಮದ್ ಖಾನರು ಚೆಂಡನ್ನು ಯುಗೊಸ್ಲಾವಿಯದ ಗೋಲಿನೊಳಕ್ಕೆ ಸೇರಿಸಿದರು. ಪಂದ್ಯ 1-10ರಲ್ಲಿ ಮುಗಿಯಿತು. ಆ ಒಂದು ಗೋಲಿನಿಂದ ಸೋಲಿನ ಭಾರ ಇಳಿಯಲಿಲ್ಲ. ಅದನ್ನು ಹೊಡೆದವರು ಕೂಡ ಅದನ್ನು ಸಾಧನೆಯೆಂದು ಭಾವಿಸಿರಲಾರರು. ಆದರೂ ಲೆಕ್ಕವನ್ನು ನೋಡಿದರೆ ಒಂದು ವಿಶೇಷ ಕಾಣುತ್ತದೆ. 1948 ಮತ್ತು 1952ರ ಎರಡು ಒಲಿಂಪಿಕ್ ಕ್ರೀಡೆಗಳಲ್ಲಿ ಭಾರತವು ಹೊಡೆದ ಗೋಲುಗಳು ಒಟ್ಟು ಎರಡೇ. ಒಂದು ರಾಮನ್ನರದು, ಇನ್ನೊಂದು ಅಹಮದ್ ಖಾನರದು. ಎರಡೂ ಬೆಂಗಳೂರಿನವೇ. ಯುಗೊಸ್ಲಾವಿಯದ ತಂಡವು ಮುಂದಿನ ಪಂದ್ಯದಲ್ಲಿ ಸೋವಿಯತ್ ದೇಶದೊಡನೆ 5-5ರ ಸಮ ಮಾಡಿಕೊಂಡು, ಮರುಪಂದ್ಯದಲ್ಲಿ ಗೆದ್ದು, ಕೊನೆಗೆ ಮತ್ತೆ ಬೆಳ್ಳಿಯನ್ನೇ ಪಡೆಯಿತು. ಭಾರತ ಸೋತದ್ದು ಸಾಮಾನ್ಯರ ಕೈಯಲ್ಲಿ ಅಲ್ಲವೆಂಬುದನ್ನು ಇದರಿಂದ ಊಹಿಸಬಹುದು.

ಸ್ವದೇಶದಲ್ಲಿ ಟೀಕೆಗಳ ಸುರಿಮಳೆಯಾಯಿತು. ತರಬೇತುದಾರ ರಹೀಮರೂ ನಿಂದೆಗೆ ಗುರಿಯಾದರು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಆ ಸೋಲಿನ ಬಳಿಕ ಬೂಟು ಧರಿಸಿಯೇ ಆಡಬೇಕೆಂದು ವಿಧಿಸಿತು. ಈ ನಿಯಮ ಅಗತ್ಯವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಲೋಕದೊಡನೆ ಸೆಣಸಬೇಕಾದವರು ಲೋಕದ ನೆಲಕ್ಕೂ ಹವೆಗೂ ತಕ್ಕ ಸಜ್ಜನ್ನು ತೊಡಬೇಕು. ಆದರೆ ಇಪ್ಪತ್ತೈದು ವರ್ಷಗಳ ಕಾಲ ಬರಿಗಾಲಿನಲ್ಲಿ ಪಳಗಿದ ಕಲೆಗಾರನಿಗೆ ಈ ನಿಯಮದ ಅರ್ಥವೇನೆಂಬುದನ್ನು ಸ್ವಲ್ಪ ಯೋಚಿಸಬೇಕು. ವೀಣೆಯ ತಂತಿಯನ್ನು ಬೆರಳಿನಿಂದ ಮೀಟಿ ಕಲಿತವನಿಗೆ ಕೈಚೀಲ ತೊಟ್ಟು ನುಡಿಸೆಂದು ಹೇಳಿದಂತೆ. ಹೆಬ್ಬೆರಳಿನ ತುದಿಯಲ್ಲಿದ್ದ ವಿದ್ಯೆಯನ್ನು ಚರ್ಮದ ಹೊದಿಕೆಯ ಮೂಲಕ ಮತ್ತೆ ಮೊದಲಿನಿಂದ ಕಲಿಯಬೇಕು. ಬರಿಗಾಲಿನ ಪೀಳಿಗೆಯ ಕೆಲವರಿಗೆ ಇದು ಸಾಧ್ಯವಾಗದೆ ಅವರ ಆಟ ಕಳೆಗುಂದಿತು.

ಅಹಮದ್ ಖಾನರು ಆಟವನ್ನು ಬಿಡಲಿಲ್ಲ. 1953ರಲ್ಲಿ ಈಸ್ಟ್ ಬೆಂಗಾಲ್ ತಂಡವು ರುಮೇನಿಯ ಮತ್ತು ಸೋವಿಯತ್ ದೇಶಗಳ ಪ್ರವಾಸವನ್ನು ಕೈಕೊಂಡು ಮಾಸ್ಕೋವಿನ ಟಾರ್ಪಿಡೊ ತಂಡದೊಡನೆ 3-3ರ ಸಮ ಸಾಧಿಸಿತು. ಪಂಚಪಾಂಡವರ ಕೂಟ ಆ ಹೊತ್ತಿಗೆ ಚದುರತೊಡಗಿತ್ತು. ಒಬ್ಬೊಬ್ಬರಾಗಿ ಗೆಳೆಯರು ಹಿಂದೆ ಸರಿದರೂ ಅಹಮದರು ಕ್ಲಬ್ಬಿನಲ್ಲಿಯೇ ಉಳಿದರು. ಅದರ ನಾಯಕತ್ವವನ್ನೂ ವಹಿಸಿದರು. 1956ರಲ್ಲಿ ತಂಡವು ಮತ್ತೊಮ್ಮೆ ಡ್ಯುರಾಂಡ್ ಕಪ್ಪನ್ನು ಗೆದ್ದುಕೊಂಡಿತು. ಬೇರೆ ಕ್ಲಬ್ಬುಗಳತ್ತ ಮುಖ ಮಾಡದೆ, ಹತ್ತು ವರ್ಷಗಳ ಕಾಲ ಒಂದೇ ಅಂಗಿಯನ್ನು ತೊಟ್ಟು, 1959ರಲ್ಲಿ ಅವರು ಈಸ್ಟ್ ಬೆಂಗಾಲಿನಿಂದ ಬೀಳ್ಕೊಂಡರು.

ಅವರು ತೆರವು ಮಾಡಿದ ಜಾಗಕ್ಕೆ ದಂಡಿನ ಬಯಲುಗಳು ಹೊಸಬರನ್ನು ಕಳುಹಿಸುತ್ತಲೇ ಇದ್ದವು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ರಹೀಮರ ತಂಡವು ನಾಲ್ಕನೆಯ ಸ್ಥಾನವನ್ನು ಪಡೆದಾಗ ಬೆಂಗಳೂರಿನ ಕೆಂಪಯ್ಯನವರು ಅದರಲ್ಲಿದ್ದರು. ಆ ತಂಡದವರೆಲ್ಲರ ಕಾಲಿನಲ್ಲೂ ಬೂಟುಗಳಿದ್ದವು. 1962ರಲ್ಲಿ ಜಕಾರ್ತದಲ್ಲಿ ಭಾರತಕ್ಕೆ ಮತ್ತೊಮ್ಮೆ ಏಷ್ಯಾ ಕ್ರೀಡೆಗಳ ಚಿನ್ನ ದೊರೆತಾಗ ತಂಡದಲ್ಲಿದ್ದ ಅರುಮೈನಾಯಗಂ ಕೂಡ ಬೆಂಗಳೂರಿನವರೇ. ಮೈಸೂರು ರಾಜ್ಯದ ತಂಡವು 1960ರ ದಶಕದ ಕೊನೆಯಲ್ಲಿ ಎರಡು ವರ್ಷ ಸತತವಾಗಿ ಸಂತೋಷ್ ಟ್ರೋಫಿಯನ್ನು ಗೆದ್ದುಕೊಂಡಿತು.

ಅಹಮದ್ ಖಾನರು ತಮ್ಮ ಕೊನೆಯ ದಿನಗಳನ್ನು ಹುಟ್ಟೂರಿನಲ್ಲಿಯೇ ಕಳೆದರು. ಆ ವೇಳೆಗೆ ಕ್ರಿಕೆಟ್ಟಿನ ಅಬ್ಬರ ದೇಶವನ್ನೆಲ್ಲ ವ್ಯಾಪಿಸಿತ್ತು. ಬೆಂಗಳೂರಿನ ಬೀದಿಯಲ್ಲಿ ಅವರನ್ನು ಗುರುತಿಸುವವರ ಸಂಖ್ಯೆ ಕಡಿಮೆಯಾಗಿತ್ತು. ಕಲ್ಕತ್ತೆಯ ಹಿರಿಯ ಅಭಿಮಾನಿಗಳು ಮಾತ್ರ ಪಂಚಪಾಂಡವರನ್ನು ಮರೆತಿರಲಿಲ್ಲ. 2017ರ ಆಗಸ್ಟ್ 27ರಂದು, ತೊಂಬತ್ತು ವರ್ಷ ತುಂಬಿದ್ದ ಅಹಮದ್ ಖಾನರು ಬೆಂಗಳೂರಿನಲ್ಲಿ ನಿಧನರಾದರು.